ಎಮ್ಮೆಭಾರದ ಸೈಕಲ್, ಹುಲ್ಲಿನ ಕಣಿವೆ: ಮೊಂಟಾನಾದಲ್ಲಿ ಒಂದು ದಿನ

ನಮಸ್ಕಾರ. ಬೆಳಿಗ್ಗೆ ಆರು ಗಂಟೆ, ಅಮೆರಿಕದ ಮೊಂಟಾನಾ ರಾಜ್ಯ, ಊರು ಡಿಲನ್. ಟೆಂಟ್ ಮಡಚಿದ್ದು, ಕಾಫಿ ಕಾಯಿಸಿದ್ದು ವಿಡಿಯೊದಲ್ಲಿ ನಿಮಗೆ ಕಾಣುತ್ತಿದೆ, ಅದನ್ನು ಹೇಳುವುದಿಲ್ಲ. ಇವತ್ತು ವಿಸ್ಡಮ್ ಎಂಬ ಊರು ಮುಟ್ಟಬೇಕು, ಸುಮಾರು 105 ಕಿಲೋಮೀಟರ್. ನಡುವೆ ಇರುವುದು ಜ್ಯಾಕ್ಸನ್ ಅಂತ ಒಂದೇ ಚಿಕ್ಕ ಊರು, ಅದೂ 75 ಕಿಲೋಮೀಟರ್ ದಾಟಿದ ಮೇಲೆ. ಅಲ್ಲಿವರೆಗೆ ಅಂಗಡಿ ಇಲ್ಲ, ನೆರಳೂ ಇಲ್ಲ ಅಂತಲೇ ಲೆಕ್ಕ. ಆರು ಲೀಟರ್ ನೀರು ಹೊತ್ತಿದ್ದೇನೆ. ಸೈಕಲ್ ಎಮ್ಮೆಯಷ್ಟು ಭಾರವಾಗಿದೆ.

ರಸ್ತೆಯ ಎರಡೂ ಕಡೆ ಮುಳ್ಳುತಂತಿ ಬೇಲಿ, ಅದರಾಚೆ ದನ ಸಾಕುವ ದೊಡ್ಡ ಜಮೀನುಗಳು, ಅಂದರೆ ರ‍್ಯಾಂಚ್‌ಗಳು. ಈ ಕರಿ ದನಗಳನ್ನು ನೋಡಿ. ಪಿಕಪ್ ಟ್ರಕ್ ಹೋದರೆ ತಲೆ ಎತ್ತುವುದಿಲ್ಲ. ಸೈಕಲ್ ಬಂದರೆ ಸಾಕು, ಮೇಯುವುದನ್ನು ಬಿಟ್ಟು ನಿಂತು ನೋಡುತ್ತವೆ, ಒಂದು ಓಡಿದರೆ ಎಲ್ಲವೂ ಓಡುತ್ತವೆ. ಮಾತಾಡುತ್ತಾ ಹೋದರೆ ಮನುಷ್ಯ ಅಂತ ಗೊತ್ತಾಗಿ ಸುಮ್ಮನಾಗುತ್ತವೆ. ಅದಕ್ಕೇ ನಾನು "ಬಾ ಬಾ" ಅನ್ನುತ್ತಿರುವುದು. ಅಮ್ಮ ಕೊಟ್ಟಿಗೆಯಲ್ಲಿ ಕರೆಯುವ ಹಾಗೆ.

ರಸ್ತೆಗೆ ಅಡ್ಡ ಕಬ್ಬಿಣದ ಸಲಾಕೆ ಕಾಣುತ್ತಿದೆಯಲ್ಲ, ಅದು ಕ್ಯಾಟಲ್ ಗಾರ್ಡ್. ಕೆಳಗೆ ಗುಂಡಿ. ಸಂದಿಗೆ ಕಾಲು ಸಿಕ್ಕೀತು ಅಂತ ದನ ದಾಟುವುದಿಲ್ಲ, ಗಾಡಿ ದಾಟುತ್ತದೆ. ನಮ್ಮ ಮಲೆನಾಡಿನ ಉಣುಗೋಲು ಮಾಡುವ ಕೆಲಸವೇ. ಇಳಿದು ಗೋಲು ಎಳೆಯುವ ತಾಪತ್ರಯ ಇಲ್ಲ ಅಷ್ಟೇ. ಸೈಕಲ್ ಮಾತ್ರ ನೇರ ಹೋಗಬೇಕು, ಓರೆ ಹೋದರೆ ಚಕ್ರ ಸಂದಿಯಲ್ಲಿ.

ಎಡಕ್ಕೆ ತಿರುಗಿದರೆ ಬ್ಯಾನಕ್. 1862ರಲ್ಲಿ ಚಿನ್ನ ಸಿಕ್ಕಿ ಹುಟ್ಟಿದ ಊರು. ಈಗ ಪಾಳುಬಿದ್ದ ಊರು, ನೋಡಲು ಜನ ಬರುತ್ತಾರೆ. ಹೋಗಬೇಕೆಂಬ ಆಸೆ ತುಂಬಾ ಇತ್ತು, ಆದರೆ ಎದುರುಗಾಳಿ ಶುರುವಾಗಿದೆ. ಬೇಡ.

ಇದು ಬಿಗ್ ಹೋಲ್ ಪಾಸ್, ಬೆಟ್ಟ ದಾಟುವ ಘಟ್ಟದ ದಾರಿ. 7,000 ಅಡಿಗೂ ಮೇಲೆ, ಅಂದರೆ ನಮ್ಮ ಮುಳ್ಳಯ್ಯನಗಿರಿಗಿಂತ ಎತ್ತರ. ಆಚೆ ಕೆಳಗೆ ಕಾಣುವ ಹಸಿರೇ ಬಿಗ್ ಹೋಲ್ ಕಣಿವೆ. ಇಳಿಜಾರಿನ ಶಾಟ್ ಸುಮ್ನೆ ನೋಡಿ, ನಾನು ಮಾತಾಡುವುದಿಲ್ಲ.

ಇಲ್ಲಿ ನಿಲ್ಲಿಸುತ್ತೇನೆ. ಹಿಂದಿನ ಚಕ್ರ ಪಂಚರ್. ಟ್ಯೂಬು ಬದಲಾಯಿಸಿದೆ, ನಾಲ್ಕು ಕಿಲೋಮೀಟರ್ ಹೋಗುವಷ್ಟರಲ್ಲಿ ಮತ್ತೆ ಗಾಳಿ ಹೋಯಿತು. ತಪ್ಪು ನನ್ನದು. ಅವಸರದಲ್ಲಿ ಟಯರ್ ಒಳಗೆ ಬೆರಳಾಡಿಸಿ ನೋಡಲಿಲ್ಲ. ಅವಸರ ಯಾಕೆ ಅಂದರೆ ಸೊಳ್ಳೆ. ನನ್ನ ಕಾಲು ನೋಡಿ, ಕಪ್ಪಗೆ ಕಾಣುವುದೆಲ್ಲ ಸೊಳ್ಳೆಯೇ. ಮಟಮಟ ಮಧ್ಯಾಹ್ನ! ಊರಿನ ಸೈಕಲ್ ಶಾಪಿನಲ್ಲಾದರೆ ಬಾಂಡ್ಲಿ ನೀರಲ್ಲಿ ಟ್ಯೂಬು ಮುಳುಗಿಸಿ ಗುಳ್ಳೆ ಹುಡುಕುತ್ತಾರೆ. ಇಲ್ಲಿ ಇರುವುದು ಕುಡಿಯುವ ನೀರು ಮಾತ್ರ. ಹಾಗಾಗಿ ಟ್ಯೂಬನ್ನು ಮೇಲ್ತುಟಿಯ ಹತ್ತಿರ ಹಿಡಿದು ತಿರುಗಿಸುತ್ತಿದ್ದೇನೆ, ಗಾಳಿ ತಣ್ಣಗೆ ತಾಗುತ್ತದೆ. ತೂತು ಸಿಕ್ಕಿತು. ತೂತು ಇರುವ ಜಾಗಕ್ಕೆ ಟಯರ್ ಹೊಂದಿಸಿ ಬಟ್ಟೆಯಲ್ಲಿ ಒಳಗೆ ಒರೆಸಿದಾಗ ಬಟ್ಟೆಯ ಎಳೆ ಸಿಕ್ಕಿಕೊಂಡಿತು. ಇಷ್ಟೇ ಇಷ್ಟು ತಂತಿ! ಲಾರಿ ಟಯರ್ ಸಿಡಿದರೆ ಒಳಗಿನ ಉಕ್ಕಿನ ಎಳೆಗಳು ರಸ್ತೆ ಅಂಚಿನಲ್ಲಿ ಬೀಳುತ್ತವೆ, ಅದೇ ಇದು. ಹೊರಗಿಂದ ಕಾಣುವುದೇ ಇಲ್ಲ. ಚಿಮುಟದಲ್ಲಿ ಎಳೆದೆ. ಸೊಲ್ಯೂಷನ್ ಹಚ್ಚಿ ಒಣಗಲು ಐದು ನಿಮಿಷ ಕಾಯಬೇಕು. ಆ ಐದು ನಿಮಿಷ ಸೊಳ್ಳೆಗಳ ನಡುವೆ ನಿಂತವರಿಗೇ ಗೊತ್ತು. ಒಂದೂವರೆ ಗಂಟೆ ಹೋಯಿತು.

ಆಗ ಕ್ಯಾಮೆರಾ ಮುಂದೆ ಒಂದು ಮಾತು ಹೇಳಿದ್ದೆ: ಈ ರ‍್ಯಾಂಚಿನವರು ಗದ್ದೆಯ ತುಂಬ ನೀರು ಬಿಟ್ಟು ಸೊಳ್ಳೆ ಸಾಕುತ್ತಿದ್ದಾರೆ, ಇದು ಸರಿಯಲ್ಲ ಅಂತ. ಆ ಮಾತು ವಾಪಸ್ ತಗೊಳ್ಳುತ್ತೇನೆ. ಪಿಕಪ್ ನಿಲ್ಲಿಸಿ ಸೊಳ್ಳೆ ಸ್ಪ್ರೇ ಕೊಟ್ಟವರು ಇಲ್ಲೇ ದನ ಸಾಕುವ ಹಿರಿಯ ಹೆಂಗಸು. ಅವರು ಹೇಳಿದ್ದು ಇಷ್ಟೇ, "ಚಳಿಗಾಲ ಅರ್ಧ ವರ್ಷ. ಹುಲ್ಲಿಲ್ಲದಿದ್ದರೆ ದನ ಇಲ್ಲ." ತೊರೆ ತುಂಬಿರುವಾಗ ನೀರು ಹಾಯಿಸಿ, ಬೇಸಿಗೆಯಲ್ಲಿ ಕೊಯ್ದು ಒಣಗಿಸಿ ಇಡಬೇಕು. ಕೊಟ್ಟಿಗೆ ಮನೆಯಲ್ಲಿ ಬೆಳೆದ ನನಗೆ ಇದು ಮೊದಲೇ ಹೊಳೆಯಬೇಕಿತ್ತು, ಅಲ್ವಾ? ಮಳೆಗಾಲಕ್ಕೆ ಮುಂಚೆ ಅಪ್ಪ ಹುಲ್ಲು ಲೆಕ್ಕ ಹಾಕುತ್ತಿದ್ದುದು ನೆನಪಾಯಿತು. ಕಡಿಮೆ ಬಿದ್ದ ವರ್ಷ ಒಂದು ಕರು ಮಾರಿದ್ದರು. ಅಮ್ಮ ಆ ದಿನ...

ಆ ಮಾತು ಇರಲಿ, ಶಾಟ್ ಮುಗಿದು ಜ್ಯಾಕ್ಸನ್ ದಾಟಿಯಾಯಿತು. ಈ ಎತ್ತರದ ಮರದ ಜಾರುಬಂಡೆಯಂಥದ್ದು ಬೀವರ್‌ಸ್ಲೈಡ್. ಇದೇ ಕಣಿವೆಯವರು ಕಂಡುಹಿಡಿದು 1910ರಲ್ಲಿ ಪೇಟೆಂಟ್ ಪಡೆದದ್ದು. ಹುಲ್ಲು ತುಂಬಿದ ಬುಟ್ಟಿಯನ್ನು ಕುದುರೆಗಳು ಹಗ್ಗದಿಂದ ಇಳಿಜಾರಿನ ಮೇಲೆ ಎಳೆಯುತ್ತಿದ್ದವು. ತುದಿಯಿಂದ ಹುಲ್ಲು ಆಚೆ ಬಿದ್ದು ಬಣವೆ ಆಗುತ್ತದೆ. ಹತ್ತು ಸಾವಿರ ಬಣವೆಗಳ ಕಣಿವೆ ಅಂತಲೇ ಇದಕ್ಕೆ ಹೆಸರು. ಇವತ್ತಿನ ದಿನದಲ್ಲಿ ನನಗೆ ತುಂಬಾ ಹಿಡಿಸಿದ್ದು ಇದು, ಪಾಸ್ ಅಲ್ಲ.

ವಿಸ್ಡಮ್ ಬಂತು. ಗಾಳಿ ನಿಂತಿದೆ, ಅಂದರೆ ಸೊಳ್ಳೆ ಮತ್ತೆ ಬರುತ್ತವೆ. ಟಯರ್ ಇನ್ನೊಮ್ಮೆ ಒತ್ತಿ ನೋಡಿದೆ, ಗಟ್ಟಿಯಿದೆ. ಟೆಂಟಿನ ಜಿಪ್ ಎಳೆಯುತ್ತೇನೆ.