ಮುತ್ತಾತನ ಹೆಸರಿಗಿಂತ ಮೊದಲು ಊರು ಹುಡುಕಿ

ಎಲ್ಲರಿಗೂ ನಮಸ್ಕಾರ. ಮಾಲೂರು, ಮುಳಬಾಗಿಲು, ಚಿಂತಾಮಣಿ, ಕೆಜಿಎಫ್ ಕಡೆಯಿಂದೆಲ್ಲ ಕೋಲಾರಕ್ಕೆ ಬಂದಿದ್ದೀರಿ. ಮನೆತನದ ಇತಿಹಾಸ ತಿಳಿಯಬೇಕು ಅನ್ನುವವರು ಇಷ್ಟು ಜನ ಇದ್ದೀರಲ್ಲ, ಬಹಳ ಸಂತೋಷವಾಗಿದೆ.

ನೇರವಾಗಿ ವಿಷಯಕ್ಕೆ ಬರುತ್ತೇನೆ. ಈ ಕೆಲಸಕ್ಕೆ ಗ್ರಂಥಾಲಯಕ್ಕೆ ಬರುವವರು ಸಾಮಾನ್ಯವಾಗಿ ಮುತ್ತಾತನ ಹೆಸರು ಹಿಡಿದುಕೊಂಡು ಬರುತ್ತಾರೆ. "ಮುನಿಯಪ್ಪ ಅಂತ, ಎಲ್ಲಾದರೂ ಇದೆಯಾ ನೋಡಿ" ಅನ್ನುತ್ತಾರೆ. ನಮ್ಮ ಕಡೆ ಊರೂರಿಗೂ ಮುನಿಯಪ್ಪಂದಿರು, ವೆಂಕಟಪ್ಪಂದಿರು ಇದ್ದಾರೆ. ಹೊಲ ಉತ್ತುಕೊಂಡು ಬದುಕಿದವರ ಹೆಸರನ್ನು ಯಾರೂ ಅಚ್ಚು ಹಾಕಿಸಲಿಲ್ಲ. ಆದರೆ ಅವರ ಊರಿನ ಬಗ್ಗೆ, ಅವರು ಬದುಕಿದ ಕಾಲದ ಬಗ್ಗೆ ಅಚ್ಚಾಗಿರುವುದು ಬೇಕಾದಷ್ಟಿದೆ. ಆದ್ದರಿಂದ ಯಾವ ಊರು, ಸುಮಾರು ಯಾವ ವರ್ಷ ಅನ್ನುವುದನ್ನು ಮೊದಲು ಗಟ್ಟಿ ಮಾಡಿಕೊಳ್ಳಿ.

ಊರಿನ ಸುಳಿವು ಎಷ್ಟೋ ಸಲ ನಿಮ್ಮ ಇನಿಷಿಯಲ್‌ನಲ್ಲೇ ಇರುತ್ತದೆ. ಡಿವಿಜಿ ಹುಟ್ಟಿದ್ದು 1887ರಲ್ಲಿ, ನಮ್ಮ ಮುಳಬಾಗಿಲಿನಲ್ಲಿ. ಆದರೆ ಹೆಸರಿನ ಮೊದಲ ಅಕ್ಷರ ದೇವನಹಳ್ಳಿಯದು. ವಿಶ್ವೇಶ್ವರಯ್ಯನವರು ಚಿಕ್ಕಬಳ್ಳಾಪುರದ ಪಕ್ಕದ ಮುದ್ದೇನಹಳ್ಳಿಯವರು. ಮೋಕ್ಷಗುಂಡಂ ಇರುವುದು ದೂರದ ಆಂಧ್ರದಲ್ಲಿ. ಪೂರ್ವಿಕರು ಅಲ್ಲಿಂದ ಬಂದು ತಲೆಮಾರುಗಳು ಕಳೆದರೂ ಊರಿನ ಹೆಸರು ಮಾತ್ರ ಉಳಿದುಕೊಂಡಿತು. ಹೆಸರಿಲ್ಲದ ನಮ್ಮಂಥವರ ಮನೆಗಳಲ್ಲೂ ಹೀಗೇ ಆಗಿದೆ. ತಾತನ ಇನಿಷಿಯಲ್ ಒಂದು, ಅಪ್ಪನದು ಇನ್ನೊಂದು ಆಗಿದ್ದರೆ ಯಾಕೆ ಅಂತ ಕೇಳಿ. ನಡುವೆ ಊರು ಬಿಟ್ಟ ಕಥೆ ಇರಬಹುದು. ಮನೆದೇವರು ಎಲ್ಲಿದೆ ಅಂತಲೂ ಕೇಳಿ. ನೂರು ಮೈಲಿ ಆಚೆಯ ಗುಡಿಗೆ ಮುಡಿ ಕೊಡಲು ಹೋಗುವ ಮನೆಯವರು ಸುಮ್ನೆ ಅಷ್ಟು ದೂರ ಹೋಗುವುದಿಲ್ಲ, ಅಲ್ವಾ?

ಇನ್ನು ವರ್ಷ. ಹಿರಿಯರು 1877 ಅಂತ ಹೇಳುವುದಿಲ್ಲ, "ಧಾತು ಈಶ್ವರದ ಬರದಲ್ಲಿ" ಅನ್ನುತ್ತಾರೆ. ಧಾತು ಸಂವತ್ಸರ 1876-77, ಈಶ್ವರ 1877-78. ಹಳೇ ಪತ್ರಗಳಲ್ಲೂ ಸಂವತ್ಸರದ ಹೆಸರೇ ಇರುತ್ತದೆ. ಅರವತ್ತು ವರ್ಷಕ್ಕೊಮ್ಮೆ ಅದೇ ಹೆಸರು ತಿರುಗಿ ಬರುತ್ತದೆ. ಆನಂದ ಸಂವತ್ಸರ ಅಂದರೆ 1914 ಆಗಬಹುದು, 1974ಕ್ಕೂ ಅದೇ ಹೆಸರು. ಯಾವುದು ಅನ್ನುವುದನ್ನು ಕಾಗದ, ಛಾಪಾ, ಪತ್ರದಲ್ಲಿ ಬರುವ ಜನ ನೋಡಿ ತೀರ್ಮಾನಿಸಬೇಕು.

ಆ ಬರದ ಬಗ್ಗೆ ಸ್ವಲ್ಪ ಹೆಚ್ಚು ಹೇಳಲೇಬೇಕು, ಯಾಕೆಂದರೆ ನಮ್ಮ ಭಾಗದ ಅನೇಕ ಮನೆಗಳ ನೆನಪು ಅಲ್ಲಿಗೇ ನಿಂತುಬಿಡುತ್ತದೆ. 1871ರ ಜನಗಣತಿಯಲ್ಲಿ ಮೈಸೂರು ಸಂಸ್ಥಾನದ ಜನಸಂಖ್ಯೆ 50 ಲಕ್ಷ ದಾಟಿತ್ತು. 1881ರ ಹೊತ್ತಿಗೆ ಅದು 42 ಲಕ್ಷಕ್ಕಿಂತ ಕೆಳಗೆ ಇಳಿದಿತ್ತು. ಊರಿಗೆ ಊರೇ ಖಾಲಿಯಾದ ಕಡೆಗಳಿದ್ದವು. "ನಮ್ಮ ಮುತ್ತಾತ ಅನಾಥ, ಯಾರೋ ಸಾಕಿಕೊಂಡರು" ಅನ್ನುವ ಮಾತು ನಿಮ್ಮ ಮನೆಯಲ್ಲಿದ್ದರೆ, ಅದರ ಹಿಂದೆ ಈ ಎರಡು ವರ್ಷ ಇವೆಯೇ ಅಂತ ಲೆಕ್ಕ ಹಾಕಿ ನೋಡಿ. 1898ರಿಂದ ಬಂದ ಪ್ಲೇಗು, 1918ರ ಇನ್‌ಫ್ಲುಯೆಂಜಾ ಕೂಡ ಹೀಗೇ ಕಾಲ ಗುರುತಿಸಲು ನೆರವಾಗುತ್ತವೆ.

ಈಗ ಗ್ರಂಥಾಲಯದಲ್ಲಿ ಏನು ಕೇಳಬೇಕು? ಮೊದಲು ಗೆಜೆಟಿಯರ್ ಕೇಳಿ, ಅಂದರೆ ಒಂದು ಪ್ರದೇಶದ ಊರು, ಜನ, ಇತಿಹಾಸದ ವಿವರ ಒಟ್ಟುಗೂಡಿಸಿದ ಸರ್ಕಾರಿ ಪುಸ್ತಕ. ಶಾಸನತಜ್ಞ ಬಿ.ಎಲ್. ರೈಸ್ ಅವರು ತಂದ ಮೈಸೂರು ಗೆಜೆಟಿಯರ್ 1897ರದು. ಹಯವದನ ರಾವ್ ಅವರ ಸಂಪುಟಗಳು 1927ರಿಂದ 1930ರ ನಡುವೆ ಬಂದವು. ಕೋಲಾರ ಜಿಲ್ಲೆಯದೇ ಬೇರೆ ಗೆಜೆಟಿಯರ್ 1968ರಲ್ಲಿ ಬಂತು. ಮೂರನ್ನೂ ಓದಿ, ನಿಮ್ಮ ಹೋಬಳಿಯಲ್ಲಿ ಏನು ಬದಲಾಯಿತು ಅಂತ ನೋಡಿ. ಬಂಗಾರಪೇಟೆ ಹಳೇ ಪುಸ್ತಕಗಳಲ್ಲಿ ಬೌರಿಂಗ್‌ಪೇಟೆ. ಚಿಕ್ಕಬಳ್ಳಾಪುರ ಜಿಲ್ಲೆಯಾದದ್ದು 2007ರಲ್ಲಿ. ಹಾಗಾಗಿ ಬಾಗೇಪಲ್ಲಿ, ಗೌರಿಬಿದನೂರು, ಶಿಡ್ಲಘಟ್ಟದವರು ಹಳೇದನ್ನು ಕೋಲಾರದ ಕೆಳಗೇ ಹುಡುಕಬೇಕು.

ಆಮೇಲೆ ಎಪಿಗ್ರಾಫಿಯಾ ಕರ್ನಾಟಿಕಾ, ಅಂದರೆ ಶಾಸನಗಳನ್ನು ಸಂಗ್ರಹಿಸಿ ರೈಸ್ ಅವರು ಅಚ್ಚು ಹಾಕಿಸಿದ ಸಂಪುಟಗಳು. ಅದರ 10ನೇ ಸಂಪುಟ ಪೂರ್ತಿ ಕೋಲಾರ ಜಿಲ್ಲೆಯ ಶಾಸನಗಳದ್ದು, 1905ರದು. ತಾಲ್ಲೂಕುವಾರು ಜೋಡಿಸಿದ್ದಾರೆ. ತುಮಕೂರಿನವರಿಗೆ 12ನೇ ಸಂಪುಟ. ನಿಮ್ಮ ಊರಿನ ಕೆರೆ ಏರಿಯ ಕಲ್ಲು, ವೀರಗಲ್ಲು ಅದರಲ್ಲಿ ಸಿಕ್ಕಿದರೆ ಎಂಥ ಸಂತೋಷ ಅನ್ನುವುದನ್ನು ನೋಡಿದವರೇ ಬಲ್ಲರು. ಆದರೆ ಕೈ ಮುಗಿದು ಕೇಳುತ್ತೇನೆ, ಶಾಸನದಲ್ಲಿ ಗೌಡರೊಬ್ಬರ ಹೆಸರು ಸಿಕ್ಕ ತಕ್ಷಣ ಅವರನ್ನು ನಿಮ್ಮ ವಂಶವೃಕ್ಷದ ತುದಿಗೆ ಕೂರಿಸಬೇಡಿ. ಆ ಕಲ್ಲಿಗೂ ನಿಮ್ಮ ಮುತ್ತಾತನಿಗೂ ಮಧ್ಯೆ ಹತ್ತಾರು ತಲೆಮಾರು ಖಾಲಿ ಇವೆ. ಶಾಸನ ಊರಿನದು. ಅಷ್ಟಕ್ಕೇ ಅದು ದೊಡ್ಡದು.

ಕೆಜಿಎಫ್‌ನವರ ದಾರಿ ಬೇರೆ. 1880ರ ನಂತರ ಗಣಿಗೆ ಬಂದವರಲ್ಲಿ ಜಾಸ್ತಿ ಜನ ಮದ್ರಾಸ್ ಪ್ರಾಂತ್ಯದವರು. ಅವರ ಹಳೇ ಊರು ಮೈಸೂರಿನ ಪುಸ್ತಕಗಳಲ್ಲಿ ಸಿಗುವುದಿಲ್ಲ. "ನಮ್ಮದು ಚಿತ್ತೂರು" ಅನ್ನುವವರು ಒಂದು ವಿಷಯ ನೆನಪಿಡಿ: ಚಿತ್ತೂರು ಜಿಲ್ಲೆ ಹುಟ್ಟಿದ್ದೇ 1911ರಲ್ಲಿ. ಅದಕ್ಕಿಂತ ಹಿಂದಿನದನ್ನು ಉತ್ತರ ಆರ್ಕಾಟ್ ಜಿಲ್ಲೆಯ ಮ್ಯಾನ್ಯುಯಲ್‌ನಲ್ಲಿ, ಅಂದರೆ ಗೆಜೆಟಿಯರ್‌ನಂಥದೇ ಜಿಲ್ಲಾ ವಿವರದ ಪುಸ್ತಕದಲ್ಲಿ ನೋಡಬೇಕು.

ಇವೆಲ್ಲ ಇಲ್ಲಿ ಸಿಗದಿದ್ದರೆ ಬೆಂಗಳೂರಿನ ಕಬ್ಬನ್ ಪಾರ್ಕಿನ ರಾಜ್ಯ ಕೇಂದ್ರ ಗ್ರಂಥಾಲಯದಲ್ಲಿ ಕೇಳಿ. ರೈಸ್ ಅವರ ಸಂಪುಟಗಳು ಇಂಟರ್ನೆಟ್ ಆರ್ಕೈವ್‌ನಲ್ಲಿ ಉಚಿತವಾಗಿ ಓದಲು ಸಿಗುತ್ತವೆ.

ಗ್ರಂಥಾಲಯದಲ್ಲಿ ಕಾಲ ಮತ್ತು ಊರು ಗಟ್ಟಿಯಾದ ಮೇಲೆ ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿಗೆ ಹೋದರೆ ಕೆಲಸ ಹಗುರ. ಸರ್ವೆ ನಂಬರು ಗೊತ್ತಿದ್ದರೆ ಇಂಡೆಕ್ಸ್ ಆಫ್ ಲ್ಯಾಂಡ್ಸ್ (ಜಮೀನುಗಳ ಪಟ್ಟಿ), ಮ್ಯುಟೇಶನ್ (ಖಾತೆ ಬದಲಾವಣೆಯ ದಾಖಲೆ) ಕೇಳಬಹುದು. ಅಲ್ಲಿ ಹೆಸರುಗಳು ಸಿಗುತ್ತವೆ. ಜಮೀನಿಲ್ಲದವರು ಎಲ್ಲಿ ಹುಡುಕಬೇಕು? ಈ ಪ್ರಶ್ನೆ ನನ್ನನ್ನು ಬಹಳ ಕಾಡಿದೆ. ತೋಟಿ, ತಳವಾರ, ನೀರಗಂಟಿ ಹೀಗೆ ಊರಿನ ಚಾಕರಿ ಮಾಡಿದ ಮನೆಗಳಿಗೆ ಆ ಕೆಲಸಕ್ಕಾಗಿ ಕೊಟ್ಟ ಇನಾಮ್ತಿ ಜಮೀನಿತ್ತು. ಇಂಥ ಗ್ರಾಮಾಧಿಕಾರಗಳನ್ನು ರದ್ದು ಮಾಡಿದ 1961ರ ಕಾಯ್ದೆಯ ನಂತರ ಆ ಜಮೀನಿನ ಮರುಮಂಜೂರಾತಿಯ ಕಡತಗಳು ಹುಟ್ಟಿದವು. ಬೇರೆಲ್ಲೂ ದಾಖಲಾಗದ ಹೆಸರುಗಳು ಅಲ್ಲಿ ಸಿಗಬಹುದು.

ಹೆಂಗಸರ ಹೆಸರು ಇಲ್ಲಿಯೂ ಕಡಿಮೆ. ಅಜ್ಜಿಯ ತವರೂರು ಯಾವುದು, ಅವರ ತಾಯಿಯ ತವರೂರು ಯಾವುದು ಅಂತ ಮನೆಯಲ್ಲಿ ಕೇಳಿ ಬರೆದುಕೊಳ್ಳಿ. ವಂಶಾವಳಿ ಹೇಳುವುದನ್ನೇ ಕಸುಬು ಮಾಡಿಕೊಂಡ ಹೆಳವರು ಬಂದು ನಿಮ್ಮ ವಂಶ ಹೇಳಿದರೆ ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ, ಒಪ್ಪಿಗೆ ಕೇಳಿ, ಕೈತುಂಬ ಕೊಟ್ಟು ಕಳಿಸಿ. ಹಳೇ ಲಗ್ನಪತ್ರಿಕೆಗಳನ್ನು ರದ್ದಿಗೆ ಹಾಕಬೇಡಿ. ಅದರಲ್ಲಿ ಊರು, ತಾಲ್ಲೂಕು, ಬೀಗರು, ಸೋದರಮಾವ, ದಿನಾಂಕ ಎಲ್ಲ ಇರುತ್ತದೆ. ಹೆಣ್ಣುಮಕ್ಕಳ ಕಡೆಯ ನೆಂಟಸ್ತನ ಅಷ್ಟು ಸ್ಪಷ್ಟವಾಗಿ ಅಚ್ಚಾಗಿರುವುದು ಅಪರೂಪ.

10ನೇ ಸಂಪುಟ ಈ ಮೇಜಿನ ಮೇಲಿದೆ. ಒಬ್ಬೊಬ್ಬರೇ ಬಂದು ನಿಮ್ಮ ಊರು, ತಾಲ್ಲೂಕು ಹೇಳಿ. ಈಗಲೇ ತೆರೆದು ನೋಡೋಣ.