ಬಿದ್ದು ಎದ್ದ ಲೀಗ್: ಆಸ್ಟ್ರೇಲಿಯಾದ ಬ್ಯಾಸ್ಕೆಟ್‌ಬಾಲ್ ಕಥೆ

ಕೇಳುಗರಿಗೆ ನಮಸ್ಕಾರ.

ಆಸ್ಟ್ರೇಲಿಯಾ ಎಂದ ಕೂಡಲೇ ಕ್ರಿಕೆಟ್ ನೆನಪಾಗುತ್ತದೆ, ಅಲ್ವಾ? ಇವತ್ತು ನಾನು ಮಾತಾಡಬೇಕು ಅಂದುಕೊಂಡಿರುವುದು ಅಲ್ಲಿನ ಬ್ಯಾಸ್ಕೆಟ್‌ಬಾಲ್ ಬಗ್ಗೆ. ಎನ್‌ಬಿಎಲ್ ಅನ್ನುವುದು ಅವರ ದೇಶೀಯ ಲೀಗ್. ಒಂದು ಕಾಲಕ್ಕೆ ಚೆನ್ನಾಗಿ ಮೆರೆಯಿತು. ಆಮೇಲೆ ಇನ್ನೇನು ಮುಚ್ಚಿಹೋಯಿತು ಅನ್ನುವ ಸ್ಥಿತಿಗೆ ಬಂತು. ಈಗ ಮತ್ತೆ ಎದ್ದು ನಿಂತಿದೆ.

ಲೀಗ್ ಶುರುವಾದದ್ದು 1979ರಲ್ಲಿ, 10 ತಂಡಗಳಿಂದ. ಮೊದಲೆಲ್ಲ ಸಣ್ಣ ಹಾಲ್‌ಗಳಲ್ಲಿ ಆಟ ನಡೆಯುತ್ತಿತ್ತು. 90ರ ದಶಕದ ಹೊತ್ತಿಗೆ ಜನ ಎಷ್ಟು ಹೆಚ್ಚಿದರು ಅಂದರೆ, ಮೆಲ್ಬರ್ನ್‌ನಲ್ಲಿ ಆಸ್ಟ್ರೇಲಿಯನ್ ಓಪನ್ ಟೆನಿಸ್ ನಡೆಯುವ ಕ್ರೀಡಾಂಗಣದಲ್ಲೇ ಪಂದ್ಯಗಳು ನಡೆದವು. ಆ ಕಾಲದ ದೊಡ್ಡ ಹೆಸರು ಆಂಡ್ರ್ಯೂ ಗೇಜ್. ತಂಡ ಮೆಲ್ಬರ್ನ್ ಟೈಗರ್ಸ್. ಅಪ್ಪ ಲಿಂಡ್ಸೆ ಗೇಜ್ ಕೋಚ್, ಮಗ ಆಟಗಾರ. 7 ಸಲ ಲೀಗಿನ ಶ್ರೇಷ್ಠ ಆಟಗಾರ ಪ್ರಶಸ್ತಿ, 5 ಒಲಿಂಪಿಕ್ಸ್. 2000ದ ಸಿಡ್ನಿ ಒಲಿಂಪಿಕ್ಸ್‌ನಲ್ಲಿ ದೇಶದ ಬಾವುಟ ಹಿಡಿದು ಮುಂದೆ ನಡೆದವರೂ ಅವರೇ.

ಆದರೆ ಆ ಹೊತ್ತಿಗಾಗಲೇ ಲೀಗ್ ಸೊರಗತೊಡಗಿತ್ತು. ಚಳಿಗಾಲದಲ್ಲಿ ಅವರ ಫುಟ್ಬಾಲ್ ಮತ್ತು ರಗ್ಬಿಯ ಅಬ್ಬರ ಜಾಸ್ತಿ. ಆ ಪೈಪೋಟಿಯೇ ಬೇಡ ಅಂತ 1998ರಲ್ಲಿ ಲೀಗನ್ನು ಬೇಸಿಗೆಗೆ ಸರಿಸಿದರು. ಅಲ್ಲಿ ಬೇಸಿಗೆ ಅಂದರೆ ಡಿಸೆಂಬರ್, ಜನವರಿ. ಆಗ ಕ್ರಿಕೆಟ್ ಇರುತ್ತದಲ್ಲ! ಕ್ಲಬ್‌ಗಳು ಒಂದೊಂದಾಗಿ ಕಣ್ಮರೆಯಾದವು. ಟ್ಯಾಸ್ಮೇನಿಯಾ ದ್ವೀಪದ ಹೋಬಾರ್ಟ್ ತಂಡ 1996ರಲ್ಲೇ ಹೋಗಿತ್ತು. 2003ರಲ್ಲಿ ರಾಜಧಾನಿ ಕ್ಯಾನ್‌ಬೆರಾದ ತಂಡವೂ ಊರು ಬಿಟ್ಟಿತು.

ಬಹಳ ಜನ ಈ ಬೇಸಿಗೆಯ ತೀರ್ಮಾನವನ್ನೇ ದೂರುತ್ತಾರೆ. ನನಗೆ ಅದು ಪೂರ್ತಿ ಸರಿ ಅನಿಸುವುದಿಲ್ಲ. ಇವತ್ತಿಗೂ ಲೀಗ್ ಬೇಸಿಗೆಯಲ್ಲೇ ನಡೆಯುತ್ತಿದೆ, ಚೆನ್ನಾಗಿಯೇ ನಡೆಯುತ್ತಿದೆ. ನಿಜವಾದ ತೊಂದರೆ ಇದ್ದದ್ದು ಕ್ಲಬ್‌ಗಳ ಹಣದಲ್ಲಿ. ಟಿಕೆಟ್ ಮತ್ತು ಟಿವಿಯಿಂದ ಬರುವ ದುಡ್ಡು ಸಾಲದಾದಾಗ, ಇಡೀ ಕ್ಲಬ್ ಒಬ್ಬ ಶ್ರೀಮಂತ ಮಾಲೀಕನ ಜೇಬನ್ನೇ ನಂಬಿ ಕೂರುತ್ತಿತ್ತು. ಅವನ ವ್ಯಾಪಾರ ಬಿದ್ದರೆ ತಂಡವೂ ಬಿತ್ತು.

2008ರಲ್ಲಿ ಆದದ್ದು ಇದೇ. ಬ್ರಿಸ್ಬೇನ್ ಬುಲೆಟ್ಸ್ 2007ರ ಚಾಂಪಿಯನ್. ಮರುವರ್ಷ ತಂಡವೇ ಇಲ್ಲ. ಸಿಡ್ನಿ ಕಿಂಗ್ಸ್ 2008ರ ಫೈನಲ್ ಆಡಿತು. ಕೆಲವೇ ತಿಂಗಳಲ್ಲಿ ಅದೂ ಲೀಗಿನಿಂದ ಹೊರಗೆ. ಆಟಗಾರರಿಗೆ ಸಂಬಳವೇ ಸರಿಯಾಗಿ ಬಂದಿರಲಿಲ್ಲ. 2009ರ ಸೀಸನ್ ಶುರುವಾದಾಗ ಸಿಡ್ನಿ, ಬ್ರಿಸ್ಬೇನ್ ಎರಡೂ ನಗರಗಳಲ್ಲಿ ಒಂದು ತಂಡವೂ ಇರಲಿಲ್ಲ. ಅಷ್ಟು ದೊಡ್ಡ ನಗರಗಳು! ಆ ಊರಿನ ಹುಡುಗರು ಯಾರ ಆಟ ನೋಡಿ ಕಲಿಯಬೇಕು?

ಇದೇ ಸಮಯದಲ್ಲಿ ಉತ್ತರದ ಸಣ್ಣ ಊರು ಕೇನ್ಸ್‌ನಲ್ಲೂ ಕ್ಲಬ್ ಮುಳುಗುವುದರಲ್ಲಿತ್ತು. ಊರಿನವರು ಬಿಡಲಿಲ್ಲ. ಜನ, ಅಂಗಡಿಯವರು, ಸ್ಥಳೀಯ ಉದ್ಯಮಗಳು ಸೇರಿ ಕ್ಲಬ್ಬನ್ನು ಊರಿನದೇ ಮಾಡಿಕೊಂಡರು. ಹಾಗೆ ಉಳಿದ ಕೇನ್ಸ್ ಟೈಪಾನ್ಸ್ 2011ರಲ್ಲಿ, ಮತ್ತೆ 2015ರಲ್ಲಿ ಫೈನಲ್ ತಲುಪಿತು. ಎರಡೂ ಸಲ ಸೋತಿತು, ನಿಜ. ಆದರೂ ಈ ಕಥೆಯಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದ ತಂಡ ಅದೇ.

ಇಡೀ ಲೀಗ್ ಚೇತರಿಸಿಕೊಂಡದ್ದು 2015ರ ನಂತರ. ಮೆಲ್ಬರ್ನ್ ತಂಡದ ಮಾಲೀಕ ಲ್ಯಾರಿ ಕೆಸ್ಟಲ್‌ಮನ್ ಲೀಗನ್ನೇ ವಹಿಸಿಕೊಂಡರು. 2016ರಲ್ಲಿ ಬ್ರಿಸ್ಬೇನ್ ಮರಳಿತು. 2018ರಲ್ಲಿ 'ನೆಕ್ಸ್ಟ್ ಸ್ಟಾರ್ಸ್' ಅನ್ನುವ ಯೋಜನೆ ಬಂತು. ಅಮೆರಿಕದ ಹುಡುಗರು ಶಾಲೆ ಮುಗಿಸಿದ ಕೂಡಲೇ ಅಲ್ಲಿನ ದೊಡ್ಡ ಲೀಗ್ ಎನ್‌ಬಿಎಗೆ ಸೇರುವ ಹಾಗಿಲ್ಲ. ಆ ಒಂದು ವರ್ಷ ನಮ್ಮಲ್ಲಿ ಬನ್ನಿ, ಸಂಬಳ ಕೊಡುತ್ತೇವೆ, ಆಡಿ ಅಂತ ಕರೆದರು. ಲಮೆಲೊ ಬಾಲ್ ಬಂದ. ಗಾಯದಿಂದಾಗಿ ಇಲ್ಲವಾರಾ ಹಾಕ್ಸ್ ಪರ ಅವನು ಆಡಿದ್ದು 12 ಪಂದ್ಯ ಮಾತ್ರ. ಆದರೆ ಅಮೆರಿಕದಲ್ಲಿ ಜನ ಈ ಲೀಗನ್ನು ಹುಡುಕಿಕೊಂಡು ನೋಡಿದರು. ಎನ್‌ಬಿಎ ತಂಡಗಳು ಹೊಸ ಆಟಗಾರರನ್ನು ಸರದಿಯಂತೆ ಆರಿಸಿಕೊಳ್ಳುವ 2020ರ ಡ್ರಾಫ್ಟ್‌ನಲ್ಲಿ ಅವನು 3ನೆಯವನಾಗಿ ಆಯ್ಕೆಯಾದ. ಮರುವರ್ಷ ಅದೇ ಯೋಜನೆಯಲ್ಲಿ ಅಡಿಲೇಡ್ ಪರ ಆಡಿದ ಆಸ್ಟ್ರೇಲಿಯಾದ ಹುಡುಗ ಜಾಶ್ ಗಿಡ್ಡಿ 6ನೆಯವನಾದ. ಅಂದ ಹಾಗೆ, ನಮ್ಮ ಭಾರತದ ಬ್ಯಾಸ್ಕೆಟ್‌ಬಾಲ್ ಆಟಗಾರ ಅಮೃತ್‌ಪಾಲ್ ಸಿಂಗ್ ಕೂಡ 2017ರಲ್ಲಿ, ಅಷ್ಟರಲ್ಲಿ ಲೀಗಿಗೆ ಮರಳಿದ್ದ ಸಿಡ್ನಿ ಕಿಂಗ್ಸ್ ಸೇರಿ ಈ ಲೀಗಿನಲ್ಲಿ ಆಡಿದ್ದಾರೆ.

ನನಗೆ ಇದಕ್ಕಿಂತ ದೊಡ್ಡದು ಅನಿಸುವುದು ಹೋಬಾರ್ಟ್. 1996ರಲ್ಲಿ ತಂಡ ಕಳೆದುಕೊಂಡ ಊರಿಗೆ 2021ರಲ್ಲಿ ಟ್ಯಾಸ್ಮೇನಿಯಾ ಜ್ಯಾಕ್‌ಜಂಪರ್ಸ್ ಬಂತು. ಆ ದ್ವೀಪದ, ಕಚ್ಚಿದರೆ ಉರಿಯುವ ಒಂದು ಇರುವೆಯ ಹೆಸರು ಅದು. ಮೂರನೇ ಸೀಸನ್‌ನಲ್ಲೇ, 2024ರಲ್ಲಿ, ಚಾಂಪಿಯನ್! 2015ರಲ್ಲಿ ದಿವಾಳಿಯ ಅಂಚಿಗೆ ಬಂದಿದ್ದ ಇಲ್ಲವಾರಾ ಹಾಕ್ಸ್ 2025ರಲ್ಲಿ ಗೆದ್ದಿತು. 1979ರಿಂದ ಒಂದು ಸೀಸನ್ನೂ ಬಿಡದೆ ಆಡಿದ ಕ್ಲಬ್ ಅದು.

ಆದರೂ ಒಂದು ಚಿಂತೆ ನನ್ನನ್ನು ಬಿಡುವುದಿಲ್ಲ. ಒಬ್ಬೊಬ್ಬರ ಜೇಬನ್ನು ನಂಬಿಯೇ ಬಿದ್ದ ಲೀಗ್ ಇದು. ಎದ್ದದ್ದೂ ಮುಖ್ಯವಾಗಿ ಒಬ್ಬರ ದುಡ್ಡು, ಒಬ್ಬರ ಛಲದಿಂದ. ನಾಳೆ ಅವರು ಬೇಡ ಅಂದರೆ? ಕೇನ್ಸ್ ಮಾಡಿದ ಹಾಗೆ ಊರಿನ ಪಾಲು ಎಲ್ಲ ಕ್ಲಬ್‌ನಲ್ಲೂ ಒಂದಿಷ್ಟಾದರೂ ಇರಬೇಕು ಅನ್ನುವುದು ನನ್ನ ಆಸೆ. ಕೇನ್ಸ್‌ನ ದಕ್ಷಿಣಕ್ಕಿರುವ ಟೌನ್ಸ್‌ವಿಲ್‌ನಲ್ಲಿ ಕ್ರೊಕೊಡೈಲ್ಸ್ ಕ್ಲಬ್ 2016ರಲ್ಲಿ ಮುಚ್ಚಿತು. ಆಮೇಲೆ ಅಲ್ಲಿ ಆಟವನ್ನು ಉಳಿಸಿದ್ದು ಮಹಿಳೆಯರ ತಂಡ ಟೌನ್ಸ್‌ವಿಲ್ ಫೈರ್. 2018ರಲ್ಲೂ 2023ರಲ್ಲೂ ಅವರು ದೇಶದ ಚಾಂಪಿಯನ್. ಅಂಥ ಊರಿಗೆ ಗಂಡಸರ ತಂಡವೂ ವಾಪಸ್ ಬರಬೇಕು, ಊರಿನವರದೇ ಆಗಿ ಬರಬೇಕು.

ನಮಸ್ಕಾರ.