ಖಾರದ ಪುಡಿಗೊಂದು ತಲೆಬರಹ

ಕೇಳುಗರಿಗೆಲ್ಲ ನಮಸ್ಕಾರ.

ಹಪ್ಪಳ, ಉಪ್ಪಿನಕಾಯಿ ಮಾಡುವ ಸ್ತ್ರೀಶಕ್ತಿ ಸಂಘದವರು, ಮನೆಯಲ್ಲೇ ಸೀರೆ ಮಾರುವವರು, ಗಾಣದ ಎಣ್ಣೆ ತೆಗೆಯುವವರು, ಈಗ ಎಲ್ಲರದ್ದೂ ಫೋನಿನಲ್ಲೇ ವ್ಯಾಪಾರ. ವಾಟ್ಸಾಪ್ ಸ್ಟೇಟಸ್ ಇದೆ, ಫೇಸ್‌ಬುಕ್ ಪೇಜ್ ಇದೆ, ಇನ್‌ಸ್ಟಾಗ್ರಾಂ ಇದೆ. ಸರಕು ಚೆನ್ನಾಗಿರುತ್ತದೆ. ಫೋಟೋ ಕೂಡ ಪರವಾಗಿಲ್ಲ. ಎಡವುವುದು ಮೇಲೆ ಬರೆಯುವ ಆ ಒಂದು ಸಾಲಿನಲ್ಲಿ. ಇವತ್ತು ಆ ಸಾಲಿನ ಬಗ್ಗೆ, ಅಂದರೆ ತಲೆಬರಹದ ಬಗ್ಗೆ ಮಾತಾಡೋಣ.

ಒಂದೇ ಉದಾಹರಣೆ ಇಟ್ಟುಕೊಳ್ಳೋಣ. ಬ್ಯಾಡಗಿ ಮೆಣಸಿನಕಾಯಿಯ ಖಾರದ ಪುಡಿ. ಸಾಮಾನ್ಯವಾಗಿ ಹೀಗೆ ಬರೆದಿರುತ್ತಾರೆ: "ಶುದ್ಧ, ರುಚಿಕರ, ಉತ್ತಮ ಗುಣಮಟ್ಟದ ಖಾರದ ಪುಡಿ. ಇಂದೇ ಆರ್ಡರ್ ಮಾಡಿ." ಇದರಲ್ಲಿ ಸುಳ್ಳೇನೂ ಇಲ್ಲ. ಆದರೆ ಒಂದು ಸಣ್ಣ ಪರೀಕ್ಷೆ ಮಾಡಿ. "ಖಾರದ ಪುಡಿ" ತೆಗೆದು ಅಲ್ಲಿ "ಹಪ್ಪಳ" ಅಂತ ಹಾಕಿ. ಸಾಲು ಹಾಗೇ ನಿಲ್ಲುತ್ತದೆ. "ತುಪ್ಪ" ಹಾಕಿ, "ಜೇನುತುಪ್ಪ" ಹಾಕಿ. ಆಗಲೂ ನಿಲ್ಲುತ್ತದೆ. ಅಂದರೆ ನಿಮ್ಮ ಪುಡಿಯ ಬಗ್ಗೆ ಆ ಸಾಲು ಏನೂ ಹೇಳಿಲ್ಲ ಅಂತಾಯ್ತು, ಅಲ್ವಾ?

ಹಾಗಾದರೆ ಹೇಳುವುದೇನು? ಹೊರಗೆಲ್ಲೂ ಹುಡುಕಬೇಕಿಲ್ಲ, ಕಾಯಿಯನ್ನೇ ಕೈಯಲ್ಲಿ ಹಿಡಿದು ನೋಡಿ. ಬ್ಯಾಡಗಿ ಹಾವೇರಿ ಜಿಲ್ಲೆಯ ಊರು. ಅಲ್ಲಿನ ಮೆಣಸಿನಕಾಯಿಗೆ 2011ರಲ್ಲಿ ಜಿಐ ಟ್ಯಾಗ್, ಅಂದರೆ ಇದು ಈ ಊರಿನದೇ ಸರಕು ಅನ್ನುವ ಭೌಗೋಳಿಕ ಗುರುತು ಸಿಕ್ಕಿದೆ. ಅದರಲ್ಲಿ ಕಡ್ಡಿ, ಡಬ್ಬಿ ಅಂತ ಎರಡು ಬಗೆ. ಕಡ್ಡಿ ಉದ್ದಕ್ಕೆ, ತೆಳ್ಳಗೆ, ಮೈಯೆಲ್ಲ ಸುಕ್ಕು, ಬೀಜ ಕಡಿಮೆ. ಡಬ್ಬಿ ಗಿಡ್ಡಕ್ಕೆ, ದಪ್ಪಗೆ, ಒಳಗೆ ಬೀಜ ಜಾಸ್ತಿ. ಎರಡೂ ಹೆಸರುವಾಸಿಯಾದದ್ದು ಬಣ್ಣದಿಂದ. ಗುಂಟೂರು ಕಾಯಿಯಷ್ಟು ಖಾರ ಇರುವುದಿಲ್ಲ, ಆದರೆ ಒಗ್ಗರಣೆಗೆ ಬಿದ್ದ ತಕ್ಷಣ ಎಣ್ಣೆಯೇ ಕೆಂಪಾಗುತ್ತದೆ. ಇಷ್ಟು ಗೊತ್ತಿದ್ದರೆ ತಲೆಬರಹಕ್ಕೆ ತಿಣುಕಾಡಬೇಕಿಲ್ಲ. "ಸಾರು ಕೆಂಪಗಿರಲಿ, ಮಕ್ಕಳ ಕಣ್ಣಲ್ಲಿ ನೀರು ಬರದಿರಲಿ." ಕೆಳಗೆ ಚಿಕ್ಕದಾಗಿ: "ತೊಟ್ಟು ತೆಗೆದು ಪುಡಿ ಮಾಡಿಸಿದ ಬ್ಯಾಡಗಿ ಖಾರದ ಪುಡಿ, ಕಾಲು ಕೆ.ಜಿ. ಪ್ಯಾಕ್." ಈಗ ಹಪ್ಪಳ ತಂದು ಕೂರಿಸಿ ನೋಡೋಣ. ಕೂರುವುದಿಲ್ಲ.

ಇದು ಫೋನು ಬಂದ ಮೇಲೆ ಹುಟ್ಟಿದ ವಿದ್ಯೆಯೇನಲ್ಲ. 1958ರಲ್ಲಿ ಅಮೆರಿಕದಲ್ಲಿ ಡೇವಿಡ್ ಓಗಿಲ್ವಿ ಎಂಬ ಜಾಹೀರಾತುಗಾರ ರೋಲ್ಸ್ ರಾಯ್ಸ್ ಕಾರಿಗೆ ಒಂದು ತಲೆಬರಹ ಬರೆದ. ಅದರ ತಾತ್ಪರ್ಯ ಇಷ್ಟು: ಗಂಟೆಗೆ 60 ಮೈಲಿ ವೇಗದಲ್ಲಿ ಹೋಗುವಾಗ ಈ ಹೊಸ ರೋಲ್ಸ್ ರಾಯ್ಸ್‌ನಲ್ಲಿ ಎಲ್ಲಕ್ಕಿಂತ ಜೋರಾಗಿ ಕೇಳುವುದು ಅದರ ಎಲೆಕ್ಟ್ರಿಕ್ ಗಡಿಯಾರದ ಸದ್ದು. ಅಷ್ಟು ದುಬಾರಿ ಕಾರು, ಆದರೂ "ಐಷಾರಾಮಿ" ಅನ್ನುವ ಮಾತೇ ಇಲ್ಲ! ಈ ಸಾಲು ಅವನ ತಲೆಯಲ್ಲಿ ಹುಟ್ಟಿದ್ದೂ ಅಲ್ಲ. ಕಾರಿನ ಬಗ್ಗೆ ವಾರಗಟ್ಟಲೆ ಓದುತ್ತಾ ಕೂತಾಗ ಒಂದು ಮೋಟಾರು ಪತ್ರಿಕೆಯ ತಾಂತ್ರಿಕ ವರದಿಯಲ್ಲಿ ಸಿಕ್ಕಿದ್ದು. ನನಗೆ ಇಷ್ಟವಾಗುವುದು ಆ ಓದುವ ತಾಳ್ಮೆ. ನಾವು ಸರಕು ನೋಡುವ ಮೊದಲೇ ಪ್ರಾಸ ಹುಡುಕಲು ಕೂರುತ್ತೇವೆ.

ಇನ್ನು ಜಾಗದ ಲೆಕ್ಕ. ಪೋಸ್ಟು ಎಷ್ಟೇ ಉದ್ದ ಇರಲಿ, ಮೊದಲಿಗೆ ಕಾಣುವುದು ಒಂದೆರಡು ಸಾಲು. ಉಳಿದದ್ದು ಮಡಚಿದ ಕಾಗದದ ಹಾಗೆ ಮಡಿಕೆಯೊಳಗೆ, ಬೆರಳಿಟ್ಟು ತೆರೆಯಬೇಕು. ಆ ಒಂದೆರಡು ಸಾಲನ್ನು ನಾವು ಹೇಗೆ ಖರ್ಚು ಮಾಡುತ್ತೇವೆ? "ಎಲ್ಲಾ ಆತ್ಮೀಯ ಗ್ರಾಹಕ ಬಂಧುಗಳಿಗೆ ನಮ್ಮ ಸಂಘದ ವತಿಯಿಂದ ಹಾರ್ದಿಕ ಶುಭಾಶಯಗಳು." ಅಲ್ಲಿಗೆ ಜಾಗ ಮುಗಿಯಿತು. ಖಾರದ ಪುಡಿ ಮಡಿಕೆಯ ಒಳಗೇ ಉಳಿಯಿತು. ನೀವೂ ನಮಸ್ಕಾರ ಹೇಳಿಯೇ ಶುರು ಮಾಡಿದಿರಲ್ಲ ಅಂತ ಕೇಳಬಹುದು. ರೇಡಿಯೋದಲ್ಲಿ ಆ ಮಡಿಕೆ ಇಲ್ಲ, ಅದಕ್ಕೇ ಆ ಧೈರ್ಯ.

ಕನ್ನಡದಲ್ಲಿ ಇನ್ನೊಂದು ತೊಡಕು ಇದೆ. "ಬ್ಯಾಡಗಿ" ಅಂತ ಬರೆದರೆ ನಮ್ಮ ಕಣ್ಣಿಗೆ ಮೂರೇ ಅಕ್ಷರ. ಫೋನು, ಕಂಪ್ಯೂಟರುಗಳು ಅಕ್ಷರ ಗುರುತಿಸುವ ಯೂನಿಕೋಡ್ ಎಂಬ ಪದ್ಧತಿಯ ಲೆಕ್ಕದಲ್ಲಿ ಅದು ಏಳು. ಬ, ಅದನ್ನು ಅರ್ಧಾಕ್ಷರ ಮಾಡುವ ಗುರುತು, ಯ, ದೀರ್ಘ, ಡ, ಗ, ಗುಡಿಸು, ಎಲ್ಲವೂ ಬೇರೆ ಬೇರೆ. ಹಿಂದೆ ಟ್ವಿಟ್ಟರ್ ಆಗಿದ್ದ ಎಕ್ಸ್‌ನಲ್ಲಿ ಉಚಿತ ಖಾತೆಗೆ 280ರ ಮಿತಿ ಇದೆಯಲ್ಲ, ಅದು ಈ ಲೆಕ್ಕದ್ದು. ಎಸ್ಸೆಮ್ಮೆಸ್ಸಿನಲ್ಲಿ ಇನ್ನೂ ಬಿಗಿ. ಇಂಗ್ಲಿಷಿನಲ್ಲಿ ಒಂದು ಮೆಸೇಜಿಗೆ 160 ಸಿಕ್ಕರೆ, ಯೂನಿಕೋಡ್ ಕನ್ನಡಕ್ಕೆ 70. ಒತ್ತಕ್ಷರ ತುಂಬಿದ ದೊಡ್ಡ ದೊಡ್ಡ ಪದಗಳು ಜಾಗವನ್ನೂ ಜಾಸ್ತಿ ತಿನ್ನುತ್ತವೆ, ಓದಲೂ ಕಷ್ಟ. "ಉತ್ಕೃಷ್ಟ" ಬದಲು "ಒಳ್ಳೆ" ಅಂದರೆ ಯಾರೂ ಜಗಳಕ್ಕೆ ಬರುವುದಿಲ್ಲ.

ಓದುವವರು ಯಾರು ಅನ್ನುವುದರ ಮೇಲೂ ಸಾಲು ಬದಲಾಗಬೇಕು. ಅದೇ ಪುಡಿ, ಮಂಗಳೂರಿನವರಿಗಾದರೆ "ಕೋರಿ ಗಸಿಗೆ ಬೇಕಾದ ಕೆಂಪು" ಅಂದರೆ ಸಾಕು. ಕೋರಿ ಗಸಿ ಅಂದರೆ ಕರಾವಳಿಯ ಕೋಳಿ ಸಾರು. ಅದಕ್ಕೆ ಬ್ಯಾಡಗಿ ಮೆಣಸು ಬೇಕೇ ಬೇಕು, ಅದನ್ನು ಅವರಿಗೆ ವಿವರಿಸಬೇಕಿಲ್ಲ. ಬೆಂಗಳೂರಿನಲ್ಲಿ ಕೆಲಸಕ್ಕೆ ಹೋಗುವ ಮಗಳಿಗೆ ಬೇರೆ ಸಾಲು. ರಜೆಗೆ ಊರಿಗೆ ಬಂದು ದುಬೈಗೆ ವಾಪಸ್ ಹೊರಟವರಿಗೆ ಮತ್ತೊಂದು: "ಸೂಟ್‌ಕೇಸ್ ಮುಚ್ಚುವ ಮುಂಚೆ ಕಾಲು ಕೆ.ಜಿ.ಗೆ ಜಾಗ ಇದೆಯಾ ನೋಡಿ." ಎಲ್ಲರಿಗೂ ಒಂದೇ ಸಾಲು ಕಳಿಸುವುದು ಸುಲಭ, ನಿಜ. ಆದರೆ ಅದು ಯಾರಿಗೂ ತನಗೆ ಬರೆದದ್ದು ಅನಿಸುವುದಿಲ್ಲ.

ಈಗ ಕುತೂಹಲದ ವಿಷಯ. "ಈ ಪುಡಿ ಹಾಕಿದ ಮೇಲೆ ಏನಾಯ್ತು ಗೊತ್ತಾ? ಬೆಚ್ಚಿ ಬೀಳ್ತೀರಿ!" ಇಂಥವನ್ನು ದಿನಾ ನೋಡುತ್ತೇವೆ. ಅಮೆರಿಕದಲ್ಲಿ 2012ರಲ್ಲಿ ಶುರುವಾದ ಅಪ್‌ವರ್ದಿ ಎಂಬ ತಾಣ ಈ ಬಗೆಯ ತಲೆಬರಹಕ್ಕೆ ಹೆಸರುವಾಸಿಯಾಯಿತು. ಅವರಲ್ಲಿ ಒಂದು ಒಳ್ಳೆ ಪದ್ಧತಿ ಇತ್ತು. ಒಂದೊಂದು ವಿಷಯಕ್ಕೂ 25 ತಲೆಬರಹ ಬರೆದು, ಆಮೇಲೆ ಆರಿಸುತ್ತಿದ್ದರು. ಅದನ್ನು ಧಾರಾಳವಾಗಿ ಕಲಿಯಿರಿ. ಮೊದಲ ನಾಲ್ಕೈದು ಸಾಲುಗಳಲ್ಲಿ ಬರುವುದೆಲ್ಲ ಬೇರೆಯವರು ಬಳಸಿ ಬಿಟ್ಟದ್ದೇ. ಆದರೆ ಉಳಿದವರು ಕಲಿತದ್ದು ಆ ಶ್ರಮವನ್ನಲ್ಲ, ವಿಷಯ ಮುಚ್ಚಿಡುವ ಚಾಳಿಯನ್ನು. 2014ರ ಆಗಸ್ಟ್‌ನಲ್ಲಿ ಫೇಸ್‌ಬುಕ್ ಇದಕ್ಕೆ ಕಡಿವಾಣ ಹಾಕುವುದಾಗಿ ಹೇಳಿತು. ಜನ ಲಿಂಕ್ ಒತ್ತಿ, ಅಲ್ಲಿ ಏನೂ ಸಿಗದೆ ತಕ್ಷಣ ವಾಪಸ್ ಬಂದರೆ, ಅಂಥ ಪೋಸ್ಟು ಮುಂದೆ ಕಡಿಮೆ ಜನರಿಗೆ ಕಾಣುತ್ತದೆ. 2017ರ ಡಿಸೆಂಬರ್‌ನಲ್ಲಿ "ಲೈಕ್ ಮಾಡಿ, ಶೇರ್ ಮಾಡಿ, ಐದು ಜನರನ್ನು ಟ್ಯಾಗ್ ಮಾಡಿ" ಅಂತ ಅಂಗಲಾಚುವ ಪೋಸ್ಟುಗಳಿಗೂ ಇದೇ ಗತಿ ಅಂತ ಘೋಷಿಸಿತು.

ಕುತೂಹಲವೇ ಬೇಡ ಅಂತಲ್ಲ. ಅರ್ಧ ಹೇಳಿ, ಉಳಿದರ್ಧವನ್ನು ಕೆಳಗೆ ಖಂಡಿತ ಕೊಡಬೇಕು, ಅಷ್ಟೇ. "ನಿಮ್ಮ ಸಾರಿನ ಬಣ್ಣಕ್ಕೂ ಲಿಪ್‌ಸ್ಟಿಕ್ಕಿಗೂ ಏನು ಸಂಬಂಧ?" ಇದಕ್ಕೆ ನಿಜವಾದ ಉತ್ತರ ಇದೆ. ಬ್ಯಾಡಗಿ ಕಾಯಿಯಿಂದ ತೆಗೆಯುವ ಬಣ್ಣದ ಎಣ್ಣೆಯನ್ನು ಲಿಪ್‌ಸ್ಟಿಕ್, ನೇಲ್ ಪಾಲಿಶ್‌ಗಳಲ್ಲಿ ಬಳಸುತ್ತಾರೆ. ರೀಲ್ ಮಾಡಿದರೆ ಜನ ನಿಂತು ನೋಡುತ್ತಾರೆ. ಆದರೆ ಅದನ್ನು ನೋಡಿ ಪುಡಿ ಕೊಳ್ಳುತ್ತಾರಾ? ನನಗೆ ಅನುಮಾನ. ಅಡುಗೆಮನೆಯಲ್ಲಿ ಲಿಪ್‌ಸ್ಟಿಕ್ ನೆನಪು ಯಾರಿಗೆ ಬೇಕು?

"ಅರ್ಧ ಬೆಲೆ", "ಇಂದೇ ಕೊನೆ ದಿನ" ಅಂತ ಬರೆಯುವವರು ಸ್ವಲ್ಪ ಹುಷಾರು. 2022ರ ಜೂನ್‌ನಲ್ಲಿ ಬಂದ ಕೇಂದ್ರದ ಮಾರ್ಗಸೂಚಿಯಲ್ಲಿ ಆಮಿಷದ ಜಾಹೀರಾತಿಗೆ ಪ್ರತ್ಯೇಕ ನಿಯಮವೇ ಇದೆ. ಹೇಳಿದ ಬೆಲೆಗೆ ಕೊಡುವಷ್ಟು ಸರಕು ನಿಮ್ಮ ಬಳಿ ಇರಬೇಕು. ದಾರಿ ತಪ್ಪಿಸುವ ಜಾಹೀರಾತಿಗೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ 10 ಲಕ್ಷ ರೂಪಾಯಿವರೆಗೆ ದಂಡ, ಮತ್ತೆ ಮಾಡಿದರೆ 50 ಲಕ್ಷದವರೆಗೆ. ವಾರ ಪೂರ್ತಿ "ಇಂದೇ ಕೊನೆ ದಿನ" ಅಂತ ಹಾಕುವವರನ್ನು ಗ್ರಾಹಕರೂ ನಂಬುವುದಿಲ್ಲ ಬಿಡಿ.

ಎಮೋಜಿ, ಹ್ಯಾಶ್‌ಟ್ಯಾಗ್ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಒಂದೆರಡು ಇದ್ದರೆ ಇರಲಿ.

ಯಾವ ಸಾಲು ಕೆಲಸ ಮಾಡುತ್ತದೆ ಅಂತ ಗೊತ್ತಾಗುವುದು ಹಾಕಿ ನೋಡಿದಾಗಲೇ. ಫೋಟೋ ಅದೇ ಇರಲಿ, ಹೊತ್ತು ಅದೇ ಇರಲಿ, ಸಾಲು ಮಾತ್ರ ಬದಲಾಗಲಿ. ಒಂದು ಈ ಸೋಮವಾರ, ಇನ್ನೊಂದು ಮುಂದಿನ ಸೋಮವಾರ. ಲೈಕ್ ಎಣಿಸಬೇಡಿ. ನೆಂಟರಿಷ್ಟರು ಸುಮ್ನೆ ಒತ್ತಿರುತ್ತಾರೆ. ಎಷ್ಟು ಜನ ಬೆಲೆ ಕೇಳಿದರು, ಎಷ್ಟು ಜನ ವಿಳಾಸ ಕಳಿಸಿದರು ಅನ್ನುವುದನ್ನು ಬರೆದಿಡಿ. ಅವರು ಕೇಳಿದ ಪ್ರಶ್ನೆಯನ್ನೂ ಅವರದೇ ಮಾತಿನಲ್ಲಿ ಬರೆದಿಡಿ. "ನಾಲ್ಕು ಜನರ ಸಾರಿಗೆ ಎಷ್ಟು ಚಮಚ ಹಾಕ್ಬೇಕು?" ಅಂತ ಮೂರು ಜನ ಕೇಳಿದ್ದರೆ, ಮುಂದಿನ ವಾರದ ತಲೆಬರಹ ಅದೇ. ಒಂದಕ್ಷರ ತಿದ್ದದೆ ಹಾಕಿ, ಉತ್ತರ ಕೆಳಗಿನ ಸಾಲಿನಲ್ಲೇ ಕೊಡಿ.